ಎಟುಕುವ ಚಿಲಕ

ಬಾಗಿಲಿನ ಚಿಲಕ ನೆಲದಿಂದ ಎಷ್ಟೆತ್ತರದಲ್ಲಿರಬೇಕೆಂಬುದನ್ನು ಮೊದಲು ಗೊತ್ತುಮಾಡಿದವರು ಯಾರೋ ನಾನರಿಯೆ. ನಾನು ಹುಟ್ಟಿ ಬೆಳೆದ ಹಳೆಯ ಮನೆಯಲ್ಲಿ ಅದು ಬಾಗಿಲಿನ ನೆತ್ತಿಯ ಹತ್ತಿರ ಇತ್ತು. ಮಧ್ಯಾಹ್ನ ದೊಡ್ಡವರು ಮಲಗಿರುವ ಹೊತ್ತಿನಲ್ಲಿ ಮಕ್ಕಳು ಬಾಗಿಲು ತೆಗೆದುಕೊಂಡು ಬಾವಿಯ ಕಡೆ ಹೋಗದಿರಲಿ ಎಂಬುದು ಹಿರಿಯರ ಲೆಕ್ಕ. ತುದಿಗಾಲಲ್ಲಿ ನಿಂತು, ಉಸಿರು ಬಿಗಿಹಿಡಿದು, ನಾನು ಆ ಚಿಲಕವನ್ನು ಮೊದಲ ಸಲ ಸರಿಸಿದ ದಿನ ಈಗಲೂ ನೆನಪಿದೆ. ಹೊರಗೆ ಹೋಗಿ ಮಾಡಬೇಕಾದ ಘನಕಾರ್ಯವೇನೂ ಇರಲಿಲ್ಲ. ಜಗಲಿಯ ಮೇಲೆ ಐದು ನಿಮಿಷ ಕುಳಿತು, ಬೀದಿಯಲ್ಲಿ ಹೋಗುತ್ತಿದ್ದ ಒಂದು ಎತ್ತಿನ ಗಾಡಿಯನ್ನು ನೋಡಿ, ಮತ್ತೆ ಒಳಗೆ ಬಂದು ಮಲಗಿದೆ. ಆದರೆ ನನ್ನ ಮಟ್ಟಿಗೆ ಅಂದೇ ನಾನು ದೊಡ್ಡವನಾದೆ.

ನನ್ನ ತಂಗಿಯ ಮಗಳಿಗೆ ಈ ಭಾಗ್ಯ ಬರಲು ಇಪ್ಪತ್ತಮೂರು ವರ್ಷ ಬೇಕಾಯಿತು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎಂದು ಕರೆಯುತ್ತೇವೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆರಿಗೆಯ ಹೊತ್ತಿನಲ್ಲಿ ಮೆದುಳಿಗೆ ಸಾಲದಷ್ಟು ಗಾಳಿ ಸಿಕ್ಕಿ ಅವಳಿಗೆ ಸೆರೆಬ್ರಲ್ ಪಾಲ್ಸಿ ಎಂಬ ತೊಂದರೆ ಉಂಟಾಯಿತು. ಕಾಲುಗಳು ಬಿಗಿದುಕೊಂಡಿರುತ್ತವೆ, ಬಲಗೈ ಹೇಳಿದ ಮಾತು ಕೇಳುವುದಿಲ್ಲ, ಮಾತು ನಿಧಾನ. ಈ ತೊಂದರೆ ವಯಸ್ಸಿನೊಡನೆ ಬೆಳೆಯುವ ರೋಗವಲ್ಲ. ಮೆದುಳಿಗೆ ಒಮ್ಮೆ ಆದ ಪೆಟ್ಟು, ಅಷ್ಟೆ. ಬುದ್ಧಿಗೆ ಯಾವ ಕುಂದೂ ಇಲ್ಲ. ಅಷ್ಟೇಕೆ, ನಮ್ಮ ಮನೆತನದಲ್ಲಿ ಕಂದಾಯದ ಲೆಕ್ಕವನ್ನೂ ಬ್ಯಾಂಕಿನ ಬಡ್ಡಿಯನ್ನೂ ಬಾಯಲ್ಲೇ ಹಾಕಬಲ್ಲವಳು ಅವಳೊಬ್ಬಳೇ. ಆದರೆ ಮಾತು ನಿಧಾನವಾದವರ ಬುದ್ಧಿಯೂ ನಿಧಾನ ಎಂದು ಜನ ಎಣಿಸುತ್ತಾರೆ. ಬಂದವರು ಅವಳನ್ನು ಮಾತನಾಡಿಸುವುದಿಲ್ಲ, “ಇವಳು ಊಟ ಮಾಡಿದಳೆ?” ಎಂದು ಅವಳೆದುರಿಗೇ ನನ್ನ ತಂಗಿಯನ್ನು ಕೇಳುತ್ತಾರೆ.

ನಾನು ಮೇಷ್ಟರ ಕೆಲಸ ಮಾಡಿ ನಿವೃತ್ತನಾದವನು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನನ್ನ ವರ್ಗಾವಣೆಗಳೆಲ್ಲ ಈ ನಾಲ್ಕು ಮನೆಗಳ ಚೌಕಾಬಾರದ ಒಳಗೇ ನಡೆದವು. ಹೀಗೆ ಓಡಾಡುವಾಗ ಪುಟ್ಟಿಯಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಕಂಡೆ ಎಂದರೆ ಕಣ್ಣಿಗೆ ಬಿದ್ದರು ಎಂದು ಮಾತ್ರ ಅರ್ಥ; ನೋಡಿದೆನೆಂದು ಹೇಳುವ ಧೈರ್ಯ ನನಗಿಲ್ಲ.

ಸಿರಾ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ, 1980ರ ದಶಕದಲ್ಲಿ, ನನ್ನ ತರಗತಿಗೆ ಒಬ್ಬ ಹುಡುಗ ತನ್ನ ಅಣ್ಣನ ಬೆನ್ನೇರಿ ಬರುತ್ತಿದ್ದ. ಪೋಲಿಯೋ ಆಗಿ ಎರಡು ಕಾಲೂ ಸೊರಗಿದ್ದುವು. ಆಗ ಅದು ಅಪರೂಪದ ದೃಶ್ಯವಾಗಿರಲಿಲ್ಲ. ಪಲ್ಸ್ ಪೋಲಿಯೋ ಕಾರ್ಯಕ್ರಮ 1995ರಲ್ಲಿ ಬಂತು. ದೇಶದ ಕೊನೆಯ ಪೋಲಿಯೋ ಪ್ರಕರಣ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಾಣಿಸಿಕೊಂಡಿತು. 2014ರಲ್ಲಿ ಭಾರತ ಪೋಲಿಯೋದಿಂದ ಮುಕ್ತವಾಯಿತೆಂದು ಸಾರಿದರು. ನಮ್ಮ ಹುಡುಗನಿಗೆ ಇದಾವುದೂ ಒದಗಿ ಬರಲಿಲ್ಲ. ಅವನಿಗೆ ಒದಗಿದ್ದು ಅಣ್ಣನ ಬೆನ್ನು. ಎರಡು ಮೈಲಿ ಹೊತ್ತು ತರುತ್ತಿದ್ದ ಆ ಅಣ್ಣನನ್ನು ನಾನು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲಿಸಿ ಹೊಗಳಿದೆ. ಮಕ್ಕಳಿಂದ ಚಪ್ಪಾಳೆ ತಟ್ಟಿಸಿದೆ. ಅಣ್ಣ ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋದ. ಮರುವಾರದಿಂದ ತಮ್ಮ ಶಾಲೆಗೆ ಬರಲಿಲ್ಲ. ಗಣಿತದಲ್ಲಿ ಅವನೇ ಮೊದಲಿಗ. ಒಂದು ಸಲ ಅವರ ಮನೆಗೆ ಹೋಗಿ, ಎರಡು ಸಮಾಧಾನದ ಮಾತು ಹೇಳಿ, ಮಜ್ಜಿಗೆ ಕುಡಿದು ಬಂದೆ. ಮೂರು ಗಾಲಿಯ ಬಂಡಿಯೊಂದಕ್ಕೆ ಅರ್ಜಿ ಬರೆಯಬೇಕೆಂದಾಗಲಿ, ಹಾಸ್ಟೆಲಿನಲ್ಲಿ ನೆಲಮಟ್ಟದ ಒಂದು ಕೋಣೆ ಕೇಳಬೇಕೆಂದಾಗಲಿ ನನಗೆ ಹೊಳೆಯಲೇ ಇಲ್ಲ. ಅಣ್ಣನ ಬೆನ್ನನ್ನು ಹೊಗಳುವುದರಲ್ಲಿ ತಮ್ಮನ ದಾರಿಯನ್ನು ಮರೆತೆವು.

ಕೊರಟಗೆರೆಯಲ್ಲಿದ್ದಾಗ ಇನ್ನೊಬ್ಬನ ಪರಿಚಯವಾಯಿತು. ನಮ್ಮ ಕಡೆ ಹುಣಸೆಮರಗಳು ಬಹಳ. ಬೇಸಗೆ ಹತ್ತುವ ಮೊದಲೇ ಹಣ್ಣು ಬಡಿಯುವ ಕೆಲಸ. ಹಾಗೆ ಮರ ಹತ್ತಿದ ಯುವಕನೊಬ್ಬ ಕೊಂಬೆ ಮುರಿದು ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವನಾದ. ಬೆನ್ನುಹುರಿ ಪೆಟ್ಟಾದವರು ಮಲಗಿದ ಮಗ್ಗುಲಲ್ಲೇ ಬಹಳ ಹೊತ್ತು ಮಲಗುವಂತಿಲ್ಲ. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಮೈಯಲ್ಲಿ ಒತ್ತುಹುಣ್ಣು ಏಳುತ್ತದೆ. ಆ ಹುಣ್ಣೇ ಕೀವಾಗಿ ಎಷ್ಟೋ ಜನರ ಪ್ರಾಣ ತೆಗೆಯುತ್ತದೆ. ಎರಡು ವರ್ಷ ಅವನ ಹೆಂಡತಿ, ತಾಯಿ ಸರದಿಯಂತೆ ಎದ್ದು ಹೊರಳಿಸಿದರು. ಮುಂದೆ ಅವನು ಕೈಯಿಂದ ತಿರುಗಿಸುವ ಬಂಡಿ ಸಂಪಾದಿಸಿಕೊಂಡು, ಬಸ್‌ಸ್ಟಾಂಡಿನ ಬಳಿ ಒಂದು ಪೆಟ್ಟಿಗೆ ಅಂಗಡಿ ಇಟ್ಟ. ಒಂದು ದಿನ ಬೀಡಾ ಕಟ್ಟಿಕೊಡುತ್ತ ಅಂದ: “ಮೇಷ್ಟ್ರೇ, ಕಾಲು ಹೋಯ್ತು ಅಂತ ಅಷ್ಟು ಸಂಕಟ ಆಗಲಿಲ್ಲ. ಯಾವಾಗ ಎಡಕ್ಕೆ ಹೊರಳಬೇಕು, ಯಾವಾಗ ಬಲಕ್ಕೆ ಹೊರಳಬೇಕು ಅನ್ನೋದನ್ನೂ ಬೇರೆಯವರೇ ಹೇಳ್ತಿದ್ರಲ್ಲ, ಅದು ಬಹಳ ಸಂಕಟ ಆಯ್ತು.” ಆ ಮಾತನ್ನು ಆಗ ನಾನು ಬೀಡಾದ ಜೊತೆಗೇ ಅಗಿದು ಮರೆತೆ. ಅದು ಮತ್ತೆ ನೆನಪಾದದ್ದು ಹಲವು ವರ್ಷಗಳ ಮೇಲೆ, ಪಾವಗಡದ ನನ್ನ ತಂಗಿಯ ಮನೆಯ ಪಡಸಾಲೆಯಲ್ಲಿ.

ಪಾವಗಡವೆಂದರೆ ಮೂರು ಕಡೆ ಆಂಧ್ರ, ನಾಲ್ಕೂ ಕಡೆ ಬಿಸಿಲು. ಬರ ಅಲ್ಲಿನ ಹಳೆಯ ನೆಂಟ. ಬೋರಿನ ನೀರಿನಲ್ಲಿ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಾಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಈಗ ಆ ಬಿಸಿಲನ್ನೇ ಬಂಡವಾಳ ಮಾಡಿಕೊಂಡು, ರೈತರ ಜಮೀನು ಗುತ್ತಿಗೆಗೆ ಹಿಡಿದು, ತಿರುಮಣಿಯ ಸುತ್ತ 2,050 ಮೆಗಾವಾಟ್ ಸೌರವಿದ್ಯುತ್ ತೆಗೆಯುತ್ತಿದ್ದಾರೆ. ಆದರೆ ನನ್ನ ತಂಗಿಯ ಮನೆಯಲ್ಲಿ ದೀಪದ ಗುಂಡಿ ಮಾತ್ರ ಪುಟ್ಟಿಗೆ ಎಟುಕದ ಎತ್ತರದಲ್ಲಿತ್ತು. ಎರಡು ಸಾವಿರ ಮೆಗಾವಾಟಿನ ಊರಿನಲ್ಲಿದ್ದು, ಅಮ್ಮ ಹಿತ್ತಲಿನಿಂದ ಬರುವ ತನಕ ಅವಳು ಕತ್ತಲೆಯಲ್ಲಿ ಕುಳಿತಿರುತ್ತಿದ್ದಳು.

ತಂಗಿ ಮಗಳನ್ನು ಹೂವಿನ ಹಾಗೆ ನೋಡಿಕೊಂಡಳು, ಅದರಲ್ಲಿ ಎರಡು ಮಾತಿಲ್ಲ. ತಲೆ ಬಾಚುವುದು, ತುತ್ತು ಕಲಸಿಕೊಡುವುದು, ಬಟ್ಟೆ ಆರಿಸುವುದು, ಎಲ್ಲವೂ ಅವಳೇ. ಪುಟ್ಟಿಗೆ ಹಸಿರು ಬಣ್ಣ ಇಷ್ಟವಿಲ್ಲವೆಂಬುದು ನಮಗೆ ತಿಳಿದದ್ದೇ ಅವಳಿಗೆ ಇಪ್ಪತ್ತು ತುಂಬಿದ ಮೇಲೆ. ಅಲ್ಲಿಯತನಕ ಎಲ್ಲ ಹಬ್ಬಕ್ಕೂ ಹಸಿರು ಲಂಗವನ್ನೇ ತಂದಿದ್ದೆವು, ಯಾರೂ ಕೇಳಿರಲಿಲ್ಲ.

ಹೊರಗಿನ ಗಾಳಿ ಆ ಮನೆಗೆ ಬಂದದ್ದು ಪಂಚಾಯಿತಿಯ ಒಬ್ಬ ಕಾರ್ಯಕರ್ತನಿಂದ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಗೌರವಧನದ ಮೇಲೆ ನೇಮಿಸುತ್ತಾರೆ; ಅಂಗವಿಕಲರಾದವರನ್ನೇ ಆರಿಸುವುದು ಈ ಏರ್ಪಾಡಿನ ಜಾಣತನ. ಬಂದವನಿಗೆ ಒಂದು ಕಾಲು ಕುಂಟು. ಅವನು ತಂಗಿಯನ್ನು ಕೇಳಲಿಲ್ಲ, ನೆಲದ ಮೇಲೆ ಪುಟ್ಟಿಯ ಎದುರು ಕುಳಿತು, “ಏನು ಓದಿದ್ದೀರಿ? ಮುಂದೆ ಏನು ಮಾಡಬೇಕೂಂತ ಇದ್ದೀರಿ?” ಎಂದು ಕೇಳಿದ. ಅವಳು ಉತ್ತರ ಹೇಳಿ ಮುಗಿಸುವ ತನಕ, ನಡುವೆ ಬಾಯಿ ಹಾಕದೆ, ಕಾದ. ಅವಳ ಜನ್ಮದಲ್ಲಿ ಅವಳನ್ನು ಬಹುವಚನದಲ್ಲಿ ಮಾತನಾಡಿಸಿದವರಲ್ಲಿ ಅವನೇ ಮೊದಲಿಗನಿರಬೇಕು. ಗುರುತಿನ ಚೀಟಿ, ಮಾಸಾಶನ, ಊರಿನಿಂದ ನೂರು ಕಿಲೋಮೀಟರಿನೊಳಗೆ ಓಡಾಡಲು ಬಸ್ಸಿನ ರಿಯಾಯಿತಿ ಪಾಸು ಇವೆಲ್ಲ ಅವನ ಓಡಾಟದಿಂದ ಒದಗಿದುವು. ಖಾಸಗಿಯಾಗಿ ಬಿ.ಎ. ಮುಗಿಸಿದ್ದ ಪುಟ್ಟಿ ಬೆಂಗಳೂರಿನಲ್ಲಿ ಆರು ತಿಂಗಳ ತರಬೇತಿಗೆ ಹೋಗಿ, ಎಡಗೈಯೊಂದರಿಂದಲೇ ಕನ್ನಡ ಬೆರಳಚ್ಚು ಕಲಿತು ಬಂದಳು. ಬಂದ ವಾರದಲ್ಲೇ ಬಾಂಬು ಹಾಕಿದಳು: ಮಧುಗಿರಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಗೊತ್ತಾಗಿದೆ; ತರಬೇತಿಯಲ್ಲಿ ಜೊತೆಗಿದ್ದ ಸಿರಾ ಕಡೆಯ ಗೆಳತಿಯೊಡನೆ ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಇರುತ್ತಾಳೆ.

ಪಡಸಾಲೆಯಲ್ಲಿ ಸಭೆ ಸೇರಿತು. ತಂಗಿ ಅತ್ತಳು. ಭಾವ ಮಾತನಾಡಲಿಲ್ಲ. ಹಿರಿಯನೆಂಬ ಗೌರವದಿಂದ ತೀರ್ಪು ನನ್ನ ಪಾಲಿಗೆ ಬಂತು. ಮಧುಗಿರಿಯಲ್ಲಿ ನನ್ನ ಸ್ವಂತ ಮನೆಯಿದೆ; “ಅಷ್ಟಾದರೆ ನಮ್ಮ ಮನೆಯಲ್ಲೇ ಇರಲಿ, ಅವಳತ್ತೆ ನೋಡಿಕೊಳ್ಳುತ್ತಾಳೆ” ಎಂದೆ. ಬಹಳ ಉದಾರವಾದ ತೀರ್ಪೆಂದು ನನಗೇ ಅನ್ನಿಸಿತು. ಪುಟ್ಟಿ ನಿಧಾನವಾಗಿ, ಒಂದೊಂದೇ ಮಾತನ್ನು ತೂಕ ಹಾಕಿ, ಹೇಳಿದಳು:

“ಮಾವ, ನಿಮ್ಮನೆಗೆ ಬಂದ್ರೆ ಅಮ್ಮನ ಬದಲು ಅತ್ತೆ ತಲೆ ಬಾಚ್ತಾರೆ. ಊರು ಬದಲಾಗುತ್ತೆ, ಅಷ್ಟೇ. ನಾನು ಬದಲಾಗಬೇಕು.”

“ಒಬ್ಬಳೇ ಹೇಗಿರ್ತೀಯೆ? ಒಂದು ಲೋಟ ನೀರು ಬಗ್ಗಿಸಿಕೊಳ್ಳೋಕೆ ಆಗಲ್ಲ ನಿನಗೆ” ಎಂದಳು ತಂಗಿ.

“ಒಬ್ಬಳೇ ಅಂತ ಯಾರಂದ್ರು? ಸಹಾಯಕ್ಕೆ ಜನ ಇಟ್ಕೋತೀನಿ. ಏನು ಮಾಡಬೇಕು, ಯಾವಾಗ ಮಾಡಬೇಕು ಅಂತ ನಾನು ಹೇಳ್ತೀನಿ. ಸಂಬಳ ನಾನು ಕೊಡ್ತೀನಿ.”

ಆಗ ನನಗೆ ಕೊರಟಗೆರೆಯ ಪೆಟ್ಟಿಗೆ ಅಂಗಡಿಯವನ ಮಾತು ನೆನಪಾಯಿತು.

ಈ ವಿಚಾರ ಪುಟ್ಟಿಯೊಬ್ಬಳದೇ ಅಲ್ಲವೆಂದು ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಎಡ್ ರಾಬರ್ಟ್ಸ್ ಎಂಬಾತನಿಗೆ 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೋ ಆಗಿ ಕುತ್ತಿಗೆಯಿಂದ ಕೆಳಗೆ ಮೈ ನಿಂತುಹೋಯಿತು. ಉಸಿರಾಟಕ್ಕೂ ಯಂತ್ರ ಬೇಕು. ಆತ 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದ; ಆತನ ಉಸಿರಾಟದ ಯಂತ್ರ ಹಿಡಿಸುವ ಹಾಸ್ಟೆಲ್ ಕೋಣೆಯಿಲ್ಲದೆ ಅಲ್ಲಿನ ಆಸ್ಪತ್ರೆಯ ಒಂದು ಭಾಗದಲ್ಲೇ ಬಿಡಾರ ಮಾಡಿದ. ತನ್ನಂಥ ಇತರರೂ ಬಂದು ಸೇರಿದರು. ಸಹಾಯಕರನ್ನು ತಾವೇ ಗೊತ್ತುಮಾಡಿ, ತಾವೇ ಕೆಲಸ ಹೇಳಿ ಬದುಕುವುದನ್ನು ಅವರು ಕಲಿತರು. 1972ರಲ್ಲಿ ಇಂಥವರಿಗೆಂದೇ, ಇಂಥವರೇ ನಡೆಸುವ ಒಂದು ಸ್ವತಂತ್ರ ಜೀವನ ಕೇಂದ್ರ ಆ ಊರಿನಲ್ಲಿ ಹುಟ್ಟಿಕೊಂಡಿತು. ಕೈಬೆರಳು ಆಡಿಸಲೂ ಕಷ್ಟಪಡುತ್ತಿದ್ದ ಮನುಷ್ಯ 1975ರಲ್ಲಿ ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆಗೇ ಮುಖ್ಯಸ್ಥನಾದ. ನಮ್ಮ ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. ಸ್ವತಃ ಪೋಲಿಯೋಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು 1959ರಷ್ಟು ಹಿಂದೆಯೇ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದರು. ‘ಎಪಿಡಿ’ ಎಂಬ ಹೆಸರಿನಲ್ಲಿ ಅದು ಇಂದಿಗೂ ಮಕ್ಕಳಿಗೆ ಓದು, ದೊಡ್ಡವರಿಗೆ ಕಸಬು ಕಲಿಸುತ್ತಿದೆ.

ಕಾನೂನೂ ಈಗ ಪುಟ್ಟಿಯ ಕಡೆಗಿದೆ. ನಮ್ಮ ದೇಶ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ, ಎಲ್ಲಿ ಯಾರೊಡನೆ ಬದುಕಬೇಕೆಂಬುದನ್ನು ಇತರರಂತೆ ತಾವೇ ಆರಿಸಿಕೊಳ್ಳುವ ಹಕ್ಕು ಇವರಿಗೆ ಉಂಟೆಂದು ಬರೆದಿದೆ. 2016ರ ಕಾಯಿದೆಯ ಐದನೆಯ ಕಲಮು ಅದನ್ನೇ ಹೇಳುತ್ತದೆ. 1995ರ ಹಳೆಯ ಕಾಯಿದೆ ಏಳು ಬಗೆಯ ವೈಕಲ್ಯವನ್ನು ಎಣಿಸಿದ್ದರೆ ಹೊಸದು ಇಪ್ಪತ್ತೊಂದನ್ನು ಎಣಿಸಿದೆ. ಸರಕಾರಿ ಕೆಲಸದ ಮೀಸಲಾತಿ ಶೇಕಡ 3ರಿಂದ 4ಕ್ಕೆ ಏರಿದೆ. ಆದರೆ ಕಾಯಿದೆ ದೆಹಲಿಯಲ್ಲಿ ಆಗುತ್ತದೆ, ಹೊಸ್ತಿಲು ಮಧುಗಿರಿಯಲ್ಲಿರುತ್ತದೆ.

ಹೊಸ್ತಿಲ ಮಾತನ್ನು ಸುಮ್ಮನೆ ಆಡಲಿಲ್ಲ. ಹುಡುಗಿಯರು ಹಿಡಿದ ಕೋಣೆ ಹಳೆಯ ಮನೆಯೊಂದರ ಬೀದಿ ಬದಿಯ ಭಾಗ. ಕಿಟಕಿಯಿಂದ ಮಧುಗಿರಿಯ ಏಕಶಿಲಾ ಬೆಟ್ಟ, ಅದರ ಮೇಲಿನ ಕೋಟೆ ಕಾಣುತ್ತದೆ. ಬಾಗಿಲಿಗೆ ನಾಲ್ಕಂಗುಲದ ಹೊಸ್ತಿಲು. ಪುಟ್ಟಿಯ ಗಾಲಿಕುರ್ಚಿಗೆ ಆ ನಾಲ್ಕಂಗುಲವೂ ಆ ಬೆಟ್ಟವೂ ಒಂದೇ. ಹೊಸ್ತಿಲನ್ನು ಕೀಳಿಸಬಹುದೆ ಎಂದು ಮನೆಯೊಡತಿ ಅಜ್ಜಿಯನ್ನು ಕೇಳಿದೆ. “ಹೊಸ್ತಿಲು ಲಕ್ಷ್ಮಿ ಕಣಪ್ಪ, ಕೀಳಬಾರದು” ಎಂದರು ಅಜ್ಜಿ. ನಾನು ಕಾಯಿದೆಯ ಕಲಮುಗಳನ್ನು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಪುಟ್ಟಿ ಕೇಳಿದಳು: “ಅಜ್ಜಿ, ಲಕ್ಷ್ಮಿ ಅಲ್ಲೇ ಇರಲಿ. ಅವಳ ಎರಡೂ ಕಡೆಗೆ ಇಳಿಜಾರು ಹಲಗೆ ಹಾಕಿಸ್ತೀನಿ. ಶುಕ್ರವಾರ ತೆಗೆದು ಪೂಜೆ ಮಾಡಿ, ಮತ್ತೆ ಹಾಕ್ತೀವಿ. ಆಗಬಹುದಾ?” ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಹಲಗೆ ಹಲಸಿನದಾಗಿರಲಿ, ಹುಳ ಹಿಡಿಯಲ್ಲ” ಎಂದರು. ಅಲ್ಲಿಗೆ ಕಾಯಿದೆ ಜಾರಿಗೆ ಬಂತು.

ಹಲಗೆ ಮಾಡಲು ಬಂದ ಬಡಗಿಗೆ ಪುಟ್ಟಿ ಚಿಲಕವನ್ನೂ ಕೆಳಗಿಳಿಸಲು ಹೇಳಿದಳು. ಬಡಗಿ ನನ್ನ ಮುಖ ನೋಡಿ, “ಎಷ್ಟೆತ್ತರಕ್ಕೆ ಇಡಲಿ ಸಾರ್?” ಎಂದ. ನಾನು ಬಾಯಿ ತೆರೆಯುವುದರೊಳಗೆ ಅವಳು ಕುರ್ಚಿಯನ್ನು ಬಾಗಿಲ ಹತ್ತಿರ ಸರಿಸಿ, ಎಡಗೈ ಚಾಚಿ, ಬೆರಳು ಮುಟ್ಟಿದ ಕಡೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ದೀಪದ ಗುಂಡಿಗೂ ಅದೇ ಗೆರೆ.

ಇಬ್ಬರ ಸಂಸಾರ ಶುರುವಾಯಿತು. ಗೆಳತಿಗೆ ಮೋಟಾರು ಅಪಘಾತದಲ್ಲಿ ಮಂಡಿಯ ಕೆಳಗೆ ಒಂದು ಕಾಲು ಹೋಗಿ, ಜೈಪುರದ ಕಾಲು ಹಾಕಿಕೊಂಡಿದ್ದಾಳೆ. ರಾಮಚಂದ್ರ ಶರ್ಮ ಎಂಬ ಕುಶಲಿಯೂ ಡಾಕ್ಟರ್ ಪಿ.ಕೆ. ಸೇಠಿಯವರೂ ಸೇರಿ 1968ರ ಸುಮಾರಿಗೆ ರೂಪಿಸಿದ ಈ ಕಾಲಿನ ಹೆಚ್ಚುಗಾರಿಕೆಯೆಂದರೆ, ಇದು ನಮ್ಮ ದೇಶದ ಕಾಲು. ಇದನ್ನು ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂಡಬಹುದು, ಬೂಟಿನ ಹಂಗಿಲ್ಲದೆ ಬರಿಗಾಲಿನಂತೆಯೇ ನಡೆಯಬಹುದು. ಅವಳು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಕೈ ಚುರುಕು, ಲೆಕ್ಕ ಕಷ್ಟ. ಪುಟ್ಟಿಯ ಕೈ ಕಷ್ಟ, ಲೆಕ್ಕ ಚುರುಕು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಹಾಯಕ್ಕೆ ಒಬ್ಬ ಹೆಂಗಸು ಬರುತ್ತಾಳೆ. ಸ್ನಾನ, ಬಟ್ಟೆ, ಪುಟ್ಟಿಯ ಜಡೆ. ಜಡೆ ಹೇಗಿರಬೇಕೆಂದು ಹೇಳುವವಳು ಪುಟ್ಟಿ. ಒಂದು ತಿಂಗಳಾದ ಮೇಲೆ ಜಡೆಯೇ ಬೇಡವೆಂದು ಕೂದಲು ಕತ್ತರಿಸಿಕೊಂಡಳು. ತಂಗಿಗೆ ಈ ಸುದ್ದಿ ತಿಳಿಸುವ ಭಾರ ನನಗೆ ಬಂತು.

ಕಷ್ಟಗಳಿರಲಿಲ್ಲವೆಂದು ಯಾರೂ ಭಾವಿಸಬಾರದು. ಬಸ್ಸಿನ ಮೊದಲ ಮೆಟ್ಟಿಲು ಇನ್ನೂ ಎತ್ತರದಲ್ಲೇ ಇದೆ. ಒಂದು ಕಚೇರಿಯಲ್ಲಿ ಅಂಗವಿಕಲರ ಅರ್ಜಿ ತೆಗೆದುಕೊಳ್ಳುವ ಮೇಜನ್ನು ಮಹಡಿಯ ಮೇಲೆ ಇಟ್ಟಿದ್ದರು. ಪುಟ್ಟಿ ಕೆಳಗೆ ಕುಳಿತು, ಅರ್ಜಿಯನ್ನು ಮೇಲೆ ಕಳಿಸಿ, ರುಜುವಿಗಾಗಿ ಅದು ಮೂರು ಸಲ ಇಳಿದು ಹತ್ತಿತು. ತಿಂಗಳ ಕೊನೆಯ ವಾರ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಆದರೂ ನನ್ನ ಮನೆಗೆ ಬಂದು ಸಾಲ ಕೇಳಿದ್ದು ಒಂದೇ ಸಲ. ಹೇಳಿದ ದಿನಕ್ಕೆ ತೀರಿಸಿದಳು.

ಆ ವರ್ಷ ಮಳೆಗಾಲದಲ್ಲಿ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಗೆಳತಿ ಊರಿಗೆ ಹೋಗಿದ್ದಳು. ಮೊಬೈಲು ಕೋಣೆಯಲ್ಲಿತ್ತು. ಸಹಾಯದಾಕೆ ಬರುವ ತನಕ, ಮುಕ್ಕಾಲು ಗಂಟೆ, ಒದ್ದೆ ನೆಲದ ಮೇಲೆ ಮಲಗಿದ್ದಳು. ನಾನು ಓಡಿದೆ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದುವು, ಬೇರೇನೂ ಇಲ್ಲ. ಆಸ್ಪತ್ರೆಯಿಂದ ಬರುವಾಗ ಅವಳು ಕೇಳಿದ್ದು ಒಂದೇ ಮಾತು: “ಮಾವ, ಅಮ್ಮನಿಗೆ ನೀವು ಹೇಳಬೇಡಿ. ನಾನೇ ಹೇಳ್ತೀನಿ, ಹೊಲಿಗೆ ಬಿಚ್ಚಿದ ಮೇಲೆ.” ಆಗಲಿ ಎಂದೆ. ಅಂದು ರಾತ್ರಿಯೇ ಪಾವಗಡಕ್ಕೆ ಫೋನು ಮಾಡಿದೆ.

ಏಕೆ ಮಾಡಿದೆ? ಹಿರಿಯನ ಜವಾಬ್ದಾರಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ನಿಜ ಹೇಳುತ್ತೇನೆ. ಮುಂದೆ ಏನಾದರೂ ಹೆಚ್ಚು ಕಡಿಮೆಯಾದರೆ “ಗೊತ್ತಿದ್ದೂ ಹೇಳಲಿಲ್ಲ” ಎಂಬ ಮಾತು ನನ್ನ ಮೇಲೆ ಬರಬಾರದೆಂಬ ಹೆದರಿಕೆ. ಅವಳ ಹುಬ್ಬಿನ ಗಾಯಕ್ಕಿಂತ ನನ್ನ ಮೈಗಾವಲು ನನಗೆ ಮುಖ್ಯವಾಯಿತು. ಬೆಳಗಿನ ಮೊದಲ ಬಸ್ಸಿಗೆ ತಂಗಿ, ಭಾವ ಬಂದು, ಪುಟ್ಟಿಯನ್ನೂ ಹಾಸಿಗೆಯನ್ನೂ ಒಟ್ಟಿಗೆ ಕಟ್ಟಿಕೊಂಡು ಹೊರಟರು. ಕಾರು ಹತ್ತುವ ಮುನ್ನ ಅವಳು ನನ್ನನ್ನು ನೋಡಿ ಅಂದಳು: “ನೀವು ಸೈಕಲ್ ಕಲಿಯುವಾಗ ಬೀಳಲಿಲ್ವಾ ಮಾವ? ಆಗ ತಾತ ಸೈಕಲ್ ಕಿತ್ಕೊಂಡ್ರಾ?”

ನಾನು ಬಿದ್ದಿದ್ದೆ. ಸಿರಾದ ಜುಮ್ಮಾ ಮಸೀದಿಯ ಹಿಂದಿನ ಇಳಿಜಾರಿನಲ್ಲಿ ಬಿದ್ದು ಮೊಣಕೈ ಮುರಿದುಕೊಂಡಿದ್ದೆ. ಅಪ್ಪ ಕೈಗೆ ಕಟ್ಟು ಹಾಕಿಸಿ, ಸೈಕಲ್ಲಿಗೆ ಬ್ರೇಕು ಹಾಕಿಸಿದರು. ಕೈ ಕೂಡಿಕೊಂಡ ಮೇಲೆ ಮತ್ತೆ ಹತ್ತು ಎಂದರು.

ಅವಳು ಪಾವಗಡಕ್ಕೆ ಹೋದ ಮೇಲೆ ನನ್ನೊಡನೆ ಮಾತು ಬಿಟ್ಟಳು. ಇದೇ ಹೊತ್ತಿಗೆ ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದಳು. ಓದುಗರೆದುರು ನನ್ನ ಮಾನ ಹೋದರೂ ಚಿಂತೆಯಿಲ್ಲ, ಹೇಳಿಬಿಡುತ್ತೇನೆ: ನಲವತ್ತು ವರ್ಷದ ಸಂಸಾರದಲ್ಲಿ ನಾನು ಒಂದು ದಿನವೂ ನನ್ನ ಕಾಫಿ ನಾನು ಮಾಡಿಕೊಂಡವನಲ್ಲ. ಡಿಕಾಕ್ಷನ್ ಹಾಕುವ ಪಾತ್ರೆಯ ಮೇಲುಭಾಗ ಯಾವುದು, ಕೆಳಭಾಗ ಯಾವುದು ನನಗೆ ಗೊತ್ತಿರಲಿಲ್ಲ. ಅಂಗಿಯ ಗುಂಡಿ ಹೋದರೆ ಅವಳು ಹಾಕಬೇಕು. ಕ್ಷೌರ ಮಾಡಲು ಒಬ್ಬ, ಬಟ್ಟೆಗೆ ಇಸ್ತ್ರಿ ಹಾಕಲು ಒಬ್ಬ, ಬೇಳೆ ಕೊಡಲು ಅಂಗಡಿಯವ. ಇಷ್ಟು ಜನರ ಕೈ ಹಿಡಿದು ನಡೆಯುವ ನನ್ನನ್ನು ಲೋಕ ಸ್ವತಂತ್ರ ಎಂದು ಕರೆಯುತ್ತದೆ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಹಾಯ ಬೇಕಾದ ಪುಟ್ಟಿಯನ್ನು ಪರಾವಲಂಬಿ ಎನ್ನುತ್ತದೆ. ನನ್ನ ಸಹಾಯಕರು ನಾನು ಹೇಳಿದಂತೆ ಕೇಳುತ್ತಾರೆ, ಅವಳ ಸಹಾಯಕರು ಅವಳು ಹೇಳಿದಂತೆ ಕೇಳಬಾರದು ಎಂಬುದಷ್ಟೇ ನಮ್ಮಿಬ್ಬರ ನಡುವಣ ವ್ಯತ್ಯಾಸ. ಸರಕಾರಕ್ಕೆ ಈ ತತ್ತ್ವ ಮೊದಲೇ ತಿಳಿದಿರಬೇಕು. ನಮ್ಮ ರಾಜ್ಯದಲ್ಲಿ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’ ಎಂದು ಒಂದೇ ಬೋರ್ಡು. ಅವಳನ್ನೂ ನನ್ನನ್ನೂ ಒಂದೇ ಬಾಗಿಲಿಗೆ ಕಳಿಸಿದ್ದಾರೆ.

ಮೂರನೆಯ ದಿನ ಹೋಟೆಲಿನ ಕಾಫಿಯಿಂದ ಎದೆ ಉರಿ ಹತ್ತಿ, ನಾಚಿಕೆ ಬಿಟ್ಟು ಪಾವಗಡಕ್ಕೆ ಫೋನು ಮಾಡಿದೆ. ತಂಗಿಯೊಡನೆ ಅದೂ ಇದೂ ಮಾತನಾಡಿ, ಪುಟ್ಟಿಗೆ ಕೊಡು ಎಂದೆ.

“ಪುಟ್ಟಿ, ಕಾಫಿ ಹೇಗೆ ಮಾಡೋದು?”

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಫಿಲ್ಟರ್ ತೊಳೆದಿದ್ದೀರಾ?” ಎಂದಳು.

ಅವಳು ಹೇಳಿದಳು, ನಾನು ಮಾಡಿದೆ. ತೂತಿನ ಪಾತ್ರೆ ಮೇಲೆ. ಪುಡಿಯನ್ನು ಒತ್ತಬೇಕು, ಬಹಳ ಒತ್ತಬಾರದು. ನೀರು ಕುದಿದ ಮೇಲೆ ಸುತ್ತಲೂ ಹೊಯ್ಯಬೇಕು. ಮೊದಲನೆಯ ದಿನ ಹಾಲು ಉಕ್ಕಿತು. ಎರಡನೆಯ ದಿನ ಕೈ ಸುಟ್ಟುಕೊಂಡೆ. “ಅತ್ತೆಗೆ ಹೇಳಲಾ?” ಎಂದಳು. “ಬೇಡ ಕಣೇ!” ಎಂದು ಗಾಬರಿಯಿಂದ ಅಂದುಬಿಟ್ಟೆ. ಅಂದ ಮೇಲೆ ಇಬ್ಬರೂ ಸುಮ್ಮನಾದೆವು. ಸ್ವಲ್ಪ ಹೊತ್ತಾದ ಮೇಲೆ ನಾನು, “ತಪ್ಪಾಯಿತು ಪುಟ್ಟಿ” ಎಂದೆ. ಅದು ಹಾಲಿನ ಮಾತಲ್ಲವೆಂದು ಅವಳಿಗೆ ಗೊತ್ತಾಯಿತು. “ಕೈಗೆ ತಣ್ಣೀರು ಬಿಟ್ಕೊಳ್ಳಿ” ಎಂದಳು.

ಮುಂದಿನ ಭಾನುವಾರ ನಾನೇ ಪಾವಗಡಕ್ಕೆ ಹೋಗಿ ತಂಗಿಯ ಎದುರು ಕುಳಿತೆ. ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: “ಮತ್ತೆ ಬಿದ್ದರೆ ಏನು ಮಾಡ್ತೀಯ ಅಣ್ಣ?” “ಮತ್ತೆ ಬೀಳಬಹುದು” ಎಂದೆ. “ಬೀಳದ ಹಾಗೆ ಮಾಡೋಣ, ಬಿದ್ದರೆ ಕೂಗು ಕೇಳೋ ಹಾಗೆ ಮಾಡೋಣ. ಆದರೆ ಬೀಳ್ತಾಳೆ ಅಂತ ಕೂಡಿಹಾಕೋದು ಬೇಡ. ನಾನೂ ನೀನೂ ಹೋದ ಮೇಲೆ ಅವಳು ಇರಬೇಕಲ್ಲ. ಆಗ ಕಲಿಯೋದಕ್ಕಿಂತ, ನಾವಿರುವಾಗ ಕಲಿತರೆ ಒಳ್ಳೇದು.” ಇದನ್ನು ಹೇಳುವಾಗ ನನ್ನ ಕಣ್ಣೆದುರು ಬಂದದ್ದು ಸಿರಾದ ಹುಡುಗ, ಅಣ್ಣನ ಬೆನ್ನು ದೂರವಾದ ಮೇಲೆ ಹಳ್ಳಿಯ ಜಗಲಿಯಲ್ಲಿ ಉಳಿದುಬಿಟ್ಟ ಆ ಗಣಿತದ ಮೊದಲಿಗ. ತಂಗಿ ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸಿ ಬಿಚ್ಚಿ ಮಾಡಿದಳು. ಕೊನೆಗೆ ಎದ್ದುಹೋಗಿ ಹಾಸಿಗೆಯನ್ನು ತಾನೇ ಸುತ್ತಿ ತಂದಳು.

ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದೆವು; ನೆಲಕ್ಕೆ ಒರಟು ಕಲ್ಲು. ಗೋಡೆಯಾಚೆಯ ಅಜ್ಜಿಗೆ ಕೇಳುವಂತೆ ಒಂದು ಕರೆಗಂಟೆ. ಅದರ ಗುಂಡಿ ನೆಲದಿಂದ ಒಂದು ಗೇಣು ಮೇಲೆ, ಬಿದ್ದವರ ಕೈಗೆ ಎಟುಕುವಂತೆ. ಈ ಕೊನೆಯ ಜಾಣತನ ಪುಟ್ಟಿಯದು. ನಾನಾಗಿದ್ದರೆ ನಿಂತವರ ಕೈಗೆ ಎಟುಕುವಂತೆ ಹಾಕಿಸುತ್ತಿದ್ದೆ.

ಇದೆಲ್ಲ ಆಗಿ ನಾಲ್ಕು ವರ್ಷ ಸಂದಿತು. ಆಮೇಲೆ ಅವಳು ಎರಡು ಸಲ ಬಿದ್ದಿದ್ದಾಳೆ; ಎರಡು ಸಲವೂ ಅಮ್ಮನಿಗೆ ತಾನೇ ಹೇಳಿದ್ದಾಳೆ. ಅಂಗಡಿಯಲ್ಲಿ ಈಗ ಲಗ್ನಪತ್ರಿಕೆಗಳ ಕರಡು ತಿದ್ದುವುದು ಅವಳ ಕೆಲಸ. ನನ್ನ ಈ ಬರಹವನ್ನೂ ಅವಳೇ ಬೆರಳಚ್ಚು ಮಾಡಿದಳು. ಹಿಂದೆ ಕುಂಟರು ಎನ್ನುತ್ತಿದ್ದೆವು, ಆಮೇಲೆ ಅಂಗವಿಕಲರು ಎಂದೆವು, ಈಗ ವಿಕಲಚೇತನರು, ವಿಶೇಷ ಚೇತನರು ಎನ್ನುತ್ತಾರೆ. ಇದರಲ್ಲಿ ಯಾವುದನ್ನು ಬರೆಯಲಿ ಎಂದು ಕೇಳಿದೆ. “ಯಾವುದಾದರೂ ಬರೀರಿ ಮಾವ. ಎದುರಿಗಿದ್ದಾಗ ಹೆಸರು ಹಿಡಿದು ಕರೆದು, ಉತ್ತರ ಹೇಳೋ ತನಕ ಕಾದರೆ ಸಾಕು” ಎಂದಳು.

ಮೊನ್ನೆ ಸಂಜೆ ಅವಳ ಕೋಣೆಗೆ ಹೋಗಿದ್ದೆ. ಗೆಳತಿಯರಿಬ್ಬರೂ ಎಲ್ಲಿಗೋ ಸಿನಿಮಾಕ್ಕೆ ಹೋಗುವ ಏರ್ಪಾಡು ಮಾಡಿಕೊಳ್ಳುತ್ತಿದ್ದರು, ನನ್ನನ್ನು ಕರೆಯಲಿಲ್ಲ. ಕಾಫಿ ಕುಡಿದು ಎದ್ದೆ. ಹಳೆಯ ಅಭ್ಯಾಸದಿಂದ ಬಾಗಿಲ ನೆತ್ತಿಯ ಬಳಿ ಕೈ ಚಾಚಿದೆ. ಅಲ್ಲಿ ಮೊಳೆ ಕಿತ್ತ ಎರಡು ತೂತು ಮಾತ್ರ ಇದ್ದುವು. ಅವಳು ನಕ್ಕಳು. ನಾನು ಸೊಂಟ ಬಗ್ಗಿಸಿ, ಕೆಳಗಿನ ಚಿಲಕವನ್ನು ಸರಿಸಿ, ಹಲಗೆಯ ಮೇಲೆ ಹುಷಾರಾಗಿ ಇಳಿದೆ. ನನ್ನ ಮಂಡಿಗಳಿಗೂ ಈಗ ಮೆಟ್ಟಿಲಿಗಿಂತ ಆ ಹಲಗೆಯೇ ಹಿತ. ಬೀದಿಗೆ ಬಂದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ಹಿಂದೆ, ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.